ನಾಲ್ಕು ಚುಕ್ಕೆ ಸೇರಿದರೆ ಹಾವು! – ಹಳೆಯ ವಿಡಿಯೋ ಆಟಗಳಲ್ಲಿ ಕಲ್ಪನೆಯ ಕೆಲಸ



ಬೆಳಿಗ್ಗೆ ಶಾಲೆಗೆ ಬರುವಾಗ ಮನೆಗಳ ಮುಂದಿನ ರಂಗೋಲಿಯನ್ನು ಗಮನಿಸಿದ್ದೀರಾ? ಅನ್ನಪೂರ್ಣೇಶ್ವರಿ ನಗರದ ಅಡ್ಡರಸ್ತೆಗಳಲ್ಲಿ ದೊಡ್ಡ ಅಂಗಳ ಇರುವ ಮನೆಗಳು ಕಡಿಮೆ. ಆದರೂ ಗೇಟಿನ ಮುಂದೆ ಇರುವ ಎರಡು ಅಡಿ ಜಾಗದಲ್ಲೇ ಸಾಲಾಗಿ ಚುಕ್ಕಿ ಇಟ್ಟು, ಗೆರೆ ಎಳೆದು, ನವಿಲನ್ನೋ ಕಮಲವನ್ನೋ ಮೂಡಿಸಿರುತ್ತಾರೆ. ಸ್ವಲ್ಪ ಯೋಚಿಸಿ. ನೆಲದ ಮೇಲೆ ನಿಜವಾಗಿ ಇರುವುದು ಬಿಳಿಯ ಪುಡಿ ಮಾತ್ರ. ಅದಕ್ಕೆ ಗರಿ ಇಲ್ಲ, ಕೊಕ್ಕು ಇಲ್ಲ, ಬಣ್ಣವೂ ಇಲ್ಲ. ಹಾಗಾದರೆ ನವಿಲು ಎಲ್ಲಿದೆ?

ಅರ್ಧ ನವಿಲು ನೆಲದ ಮೇಲಿದೆ. ಉಳಿದರ್ಧ ನಿಮ್ಮ ತಲೆಯೊಳಗಿದೆ! ಕಡಿಮೆ ಗುರುತುಗಳನ್ನು ನೋಡಿ ಪೂರ್ತಿ ವಸ್ತುವನ್ನು ಕಟ್ಟಿಕೊಳ್ಳುವ ಮನಸ್ಸಿನ ಈ ಶಕ್ತಿಯನ್ನು ಕಲ್ಪನೆ ಎನ್ನುತ್ತೇವೆ. ಈ ಶಕ್ತಿಯನ್ನು ನಂಬಿಕೊಂಡೇ ಬೆಳೆದ ಒಂದು ವಸ್ತುವಿದೆ. ಅದೇ ವಿಡಿಯೋ ಆಟ. ಹಳೆಯ ವಿಡಿಯೋ ಆಟಗಳಲ್ಲಿ ಯಂತ್ರ ಎಷ್ಟು ಕೆಲಸ ಮಾಡುತ್ತಿತ್ತು, ಆಡುವವರ ಮನಸ್ಸು ಎಷ್ಟು ಕೆಲಸ ಮಾಡುತ್ತಿತ್ತು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಪರದೆಯ ಚುಕ್ಕಿಗಳು

ಫೋನಿನ ಅಥವಾ ಟಿ.ವಿ.ಯ ಪರದೆಯ ಮೇಲಿನ ಚಿತ್ರ ಚಿಕ್ಕ ಚಿಕ್ಕ ಚುಕ್ಕೆಗಳಿಂದ ಆಗಿದೆ. ಇಂತಹ ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎಂದು ಹೆಸರು. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳು ಹೆಚ್ಚಿದ್ದಷ್ಟೂ ಚಿತ್ರ ವಿವರವಾಗಿ ಮೂಡುತ್ತದೆ. ಪರದೆಯೂ ಹಾಗೆಯೇ.

1997ರಲ್ಲಿ ನೋಕಿಯಾ 6110 ಎಂಬ ಮೊಬೈಲ್ ಫೋನ್ ಬಂದಿತು. ಅದರಲ್ಲಿ 'ಸ್ನೇಕ್' ಎಂಬ ಹಾವಿನ ಆಟ ಇತ್ತು. ಫಿನ್ಲೆಂಡ್ ದೇಶದ ತನೆಲಿ ಅರ್ಮಾಂಟೊ ಎಂಬ ತಂತ್ರಜ್ಞ ಆ ಆಟವನ್ನು ಆ ಫೋನಿಗಾಗಿ ಬರೆದರು. ನಿಮ್ಮ ಅಪ್ಪ, ಅಮ್ಮ, ಚಿಕ್ಕಪ್ಪ, ಅತ್ತೆ – ಯಾರನ್ನಾದರೂ ಕೇಳಿ ನೋಡಿ. ಬಟನ್ ಫೋನಿನಲ್ಲಿ ಹಾವಿನ ಆಟ ಆಡಿದವರು ಮನೆಗೊಬ್ಬರಾದರೂ ಸಿಗುತ್ತಾರೆ.

ಆ ಪರದೆಯಲ್ಲಿ ಅಡ್ಡಲಾಗಿ 84, ಉದ್ದಕ್ಕೆ 48 ಚುಕ್ಕೆಗಳು ಇದ್ದವು. ಗುಣಿಸಿ ನೋಡಿ: 84 × 48 = 4,032 ಚುಕ್ಕೆಗಳು. ಬಣ್ಣವೂ ಇರಲಿಲ್ಲ. ಚುಕ್ಕೆ ಕಪ್ಪಾಗಬೇಕು, ಇಲ್ಲವೇ ಖಾಲಿ ಇರಬೇಕು. ಈಗಿನ ಅನೇಕ ಫೋನ್‌ಗಳ ಪರದೆಯಲ್ಲಿ ಅಡ್ಡಲಾಗಿ 1,080, ಉದ್ದಕ್ಕೆ 2,400 ಚುಕ್ಕೆಗಳಿರುತ್ತವೆ. ಒಟ್ಟು 25,92,000. ಅಂದರೆ ಹಳೆಯ ಪರದೆಗಿಂತ ಸುಮಾರು 640 ಪಟ್ಟು ಹೆಚ್ಚು!

4,032 ಚುಕ್ಕೆಗಳಲ್ಲಿ ಹಾವಿಗೆ ಸಿಕ್ಕಿದ್ದು ಕೆಲವೇ ಕೆಲವು. ಅದಕ್ಕೆ ಹೆಡೆ ಇರಲಿಲ್ಲ, ಚರ್ಮದ ಮೇಲೆ ಪಟ್ಟೆ ಇರಲಿಲ್ಲ. ಅದು ಬಾಗುವಾಗ ಮೂಲೆಮಟ್ಟ ಇಟ್ಟಂತೆ ನೇರ ತಿರುಗುತ್ತಿತ್ತು. ಯಾವ ಹಾವೂ ಹಾಗೆ ತಿರುಗುವುದಿಲ್ಲ. ಆದರೂ ಆಡಿದವರೆಲ್ಲ ಅದನ್ನು 'ಹಾವು' ಎಂದೇ ಕರೆದರು. ಅದು ತನ್ನ ಬಾಲಕ್ಕೇ ಡಿಕ್ಕಿ ಹೊಡೆದಾಗ 'ಅಯ್ಯೋ, ಸತ್ತೋಯ್ತು' ಎಂದರು. 'ಗೆರೆ ಗೆರೆಗೆ ತಾಗಿತು' ಎಂದು ಯಾರೂ ಹೇಳಲಿಲ್ಲ!

ಬಡ ಯಂತ್ರ, ಜಾಣ ಚಿತ್ರ

ಮೊದಮೊದಲ ಆಟಗಳಲ್ಲಿ ಚಿತ್ರ ಇನ್ನೂ ಕಡಿಮೆ. ಕೆಲವು ಉದಾಹರಣೆಗಳನ್ನು ನೋಡೋಣ.

1958ರಲ್ಲಿ ಅಮೆರಿಕದ ಬ್ರೂಕ್‌ಹ್ಯಾವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಪ್ರಯೋಗಾಲಯ ನೋಡಲು ಬರುವ ಜನರಿಗೆ ಬೇಸರವಾಗಬಾರದು ಎಂದು ಒಂದು ಟೆನ್ನಿಸ್ ಆಟ ತಯಾರಿಸಿದರು. ವಿದ್ಯುತ್ ಸಂಕೇತಗಳನ್ನು ತೋರಿಸುವ ಆಸಿಲೋಸ್ಕೋಪ್ ಎಂಬ ಉಪಕರಣದ ಪರದೆಯ ಮೇಲೆ ಒಂದು ಅಡ್ಡಗೆರೆ ಕಾಣುತ್ತಿತ್ತು. ಅದು ನೆಲ. ನಡುವೆ ಒಂದು ಚಿಕ್ಕ ನಿಂತ ಗೆರೆ. ಅದು ಬಲೆ. ಹಾರುವ ಒಂದು ಚುಕ್ಕೆ. ಅದು ಚೆಂಡು. ಆಟಗಾರರೇ ಕಾಣುತ್ತಿರಲಿಲ್ಲ! ಆದರೂ ಅದನ್ನು ಆಡಲು ಜನ ಸಾಲುಗಟ್ಟಿ ನಿಂತರು.

1972ರಲ್ಲಿ ಅಟಾರಿ ಸಂಸ್ಥೆಯ ಆಲನ್ ಅಲ್‌ಕಾರ್ನ್ ತಯಾರಿಸಿದ 'ಪಾಂಗ್' ಆಟದಲ್ಲಿ ಎರಡು ನಿಂತ ಗೆರೆಗಳು ಮತ್ತು ಒಂದು ಚೌಕ ಇದ್ದವು. ಗೆರೆ ಎಂದರೆ ಬ್ಯಾಟು. ಚೌಕ ಎಂದರೆ ಚೆಂಡು. ಚೌಕಾಕಾರದ ಚೆಂಡನ್ನು ಎಲ್ಲಾದರೂ ಕಂಡಿದ್ದೀರಾ? ಆಡುವವರಿಗೆ ಅದು ದುಂಡಾದ ಚೆಂಡೇ ಆಗಿತ್ತು.

1980ರ 'ಅಡ್ವೆಂಚರ್' ಎಂಬ ಆಟದಲ್ಲಿ ಕೋಟೆ, ಬೀಗದ ಕೈ, ಕತ್ತಿ, ಡ್ರ್ಯಾಗನ್ ಎಲ್ಲ ಇದ್ದವು. ಆದರೆ ಕಥಾನಾಯಕ ಮಾತ್ರ ಒಂದು ಪುಟ್ಟ ಚೌಕ! ಡ್ರ್ಯಾಗನ್‌ಗಳು ನೋಡಲು ಬಾತುಕೋಳಿಯಂತಿದ್ದವು. ಆದರೂ ಡ್ರ್ಯಾಗನ್ ಬೆನ್ನಟ್ಟಿ ಬಂದರೆ ಮಕ್ಕಳ ಎದೆ ಡವಡವ ಎನ್ನುತ್ತಿತ್ತು.

1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್ 'ಟೆಟ್ರಿಸ್' ಆಟ ಬರೆದಾಗ ಅವರ ಬಳಿ ಇದ್ದ ಗಣಕಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಅಕ್ಷರಗಳನ್ನು ತೋರಿಸಲು ಮಾತ್ರ ಬರುತ್ತಿತ್ತು. ಅವರು ಆವರಣ ಚಿಹ್ನೆಗಳನ್ನು, ಅಂದರೆ ನಾವು ಗಣಿತದಲ್ಲಿ ಬಳಸುವ ಬ್ರಾಕೆಟ್‌ಗಳನ್ನು, ಜೋಡಿಸಿ ಇಟ್ಟಿಗೆಗಳನ್ನು ಮಾಡಿದರು.

ಇನ್ನು ಮಾರಿಯೋ! ತಲೆಗೆ ಟೋಪಿ, ಮೂಗಿನ ಕೆಳಗೆ ದಪ್ಪ ಮೀಸೆ, ಮೈಗೆ ತೊಗಟೆಯಂತೆ ಎದ್ದು ಕಾಣುವ ಉಡುಪು. ಇದೆಲ್ಲ ಅಲಂಕಾರಕ್ಕೆ ಎಂದುಕೊಂಡಿರಾ? ಅಲ್ಲ. 1981ರ 'ಡಾಂಕಿ ಕಾಂಗ್' ಆಟಕ್ಕಾಗಿ ಜಪಾನಿನ ಶಿಗೆರು ಮಿಯಾಮೊಟೊ ಈ ಪಾತ್ರವನ್ನು ರೂಪಿಸಿದಾಗ ಇಡೀ ಮನುಷ್ಯನನ್ನು ಸುಮಾರು 16 × 16 ಚೌಕಗಳಲ್ಲಿ ಹಿಡಿಸಬೇಕಿತ್ತು. ಅಷ್ಟು ಕಡಿಮೆ ಚೌಕಗಳಲ್ಲಿ ಕೂದಲು ಬಿಡಿಸುವುದು ಕಷ್ಟ. ಅದಕ್ಕೆ ಟೋಪಿ ಹಾಕಿದರು. ಬಾಯಿ ಬಿಡಿಸುವುದು ಕಷ್ಟ. ಅದಕ್ಕೆ ಮೀಸೆ ಇಟ್ಟರು. ಮೀಸೆಯಿಂದ ಮೂಗೂ ಎದ್ದು ಕಂಡಿತು. ಕೈ ಆಡಿಸುವುದು ಕಾಣಬೇಕಲ್ಲ, ಅದಕ್ಕೆ ಅಂಗಿ ಒಂದು ಬಣ್ಣ, ಮೇಲುಡುಪು ಇನ್ನೊಂದು ಬಣ್ಣ. ನೋಡಿದಿರಾ, ಕೊರತೆಯೇ ಒಂದು ಮುಖವನ್ನು ಬಿಡಿಸಿತು!

1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟ ಇಡಿಯಾಗಿ 40 ಕಿಲೋಬೈಟ್ ಮಾತ್ರ. ಈಗ ಫೋನಿನಲ್ಲಿ ತೆಗೆದ ಒಂದು ಫೋಟೋ 3 ಮೆಗಾಬೈಟ್ ಇದೆ ಎಂದುಕೊಳ್ಳಿ. ಆ ಒಂದು ಫೋಟೋ ಹಿಡಿಯುವ ಜಾಗದಲ್ಲಿ ಮಾರಿಯೋ ಆಟದ 76 ಪ್ರತಿಗಳನ್ನು ಇಡಬಹುದು. ಜಾಗ ಉಳಿಸಲು ತಯಾರಕರು ಒಂದು ಉಪಾಯ ಮಾಡಿದರು. ಆ ಆಟದ ಆಕಾಶದಲ್ಲಿರುವ ಮೋಡ, ನೆಲದ ಮೇಲಿರುವ ಪೊದೆ ಎರಡೂ ಒಂದೇ ಚಿತ್ರ! ಬಿಳಿ ಬಣ್ಣ ಕೊಟ್ಟು ಮೇಲಿಟ್ಟರೆ ಮೋಡ. ಹಸಿರು ಬಣ್ಣ ಕೊಟ್ಟು ಕೆಳಗಿಟ್ಟರೆ ಪೊದೆ. ಕೋಟ್ಯಂತರ ಮಕ್ಕಳು ಆಡಿದರೂ ಬಹಳ ಮಂದಿಗೆ ಇದು ಹೊಳೆಯಲೇ ಇಲ್ಲ. ಏಕೆಂದರೆ ಅವರ ಮನಸ್ಸು ಅದನ್ನು ಆಗಲೇ ಮೋಡವಾಗಿ, ಪೊದೆಯಾಗಿ ಮಾಡಿಕೊಂಡಿತ್ತು.

ಚಟುವಟಿಕೆ – 1: ಇಲ್ಲದ ಗೆರೆಯನ್ನು ಕಾಣಿರಿ

ಖಾಲಿ ಜಾಗವನ್ನು ಮಿದುಳು ಹೇಗೆ ತುಂಬುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು.

ಬೇಕಾಗುವ ಸಾಮಗ್ರಿ: ಬಿಳಿ ಹಾಳೆ, ಸ್ಕೇಲು, ಪೆನ್ನು.

ವಿಧಾನ: ಹಾಳೆಯ ಮೇಲೆ ಅಡ್ಡಲಾಗಿ ಉದ್ದ ಗೆರೆ ಎಳೆಯಿರಿ. ಗೆರೆಯ ಎಡಭಾಗದಲ್ಲಿ ಒಂದು ಗುಣಿಸು ಚಿಹ್ನೆ ಹಾಕಿ. ಅದರಿಂದ 7 ಸೆಂ.ಮೀ. ಬಲಕ್ಕೆ, ಗೆರೆಯ ಮಧ್ಯದಲ್ಲಿ, ಅರ್ಧ ಸೆಂ.ಮೀ. ಅಗಲದಷ್ಟು ಜಾಗ ಖಾಲಿ ಬಿಡಿ. ಅಂದರೆ ಅಲ್ಲಿ ಗೆರೆ ತುಂಡಾಗಿರಬೇಕು. ಈಗ ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಗುಣಿಸು ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ, ದೂರ ಸರಿಸಿ. ಹಾಳೆ ಕಣ್ಣಿನಿಂದ ಸುಮಾರು 25 ಸೆಂ.ಮೀ. ದೂರದಲ್ಲಿದ್ದಾಗ ಏನಾಯಿತು?

ತುಂಡಾದ ಗೆರೆ ಕೂಡಿಕೊಂಡಂತೆ ಕಾಣುತ್ತದೆ! ಕಾರಣ ಹೀಗಿದೆ. ಕಣ್ಣಿನಿಂದ ಮಿದುಳಿಗೆ ನರ ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ಅದನ್ನು ಅಂಧಬಿಂದು ಎನ್ನುತ್ತಾರೆ. ಗೆರೆಯ ತುಂಡಾದ ಭಾಗ ಅಲ್ಲಿ ಬಿದ್ದಾಗ ಕಣ್ಣು ಮಿದುಳಿಗೆ ಏನನ್ನೂ ತಿಳಿಸುವುದಿಲ್ಲ. ಮಿದುಳು ಸುಮ್ಮನಿರದೆ, ಅಕ್ಕಪಕ್ಕದ ಗೆರೆಯನ್ನು ನೋಡಿ ನಡುವಿನದನ್ನು ತಾನೇ ತುಂಬಿಬಿಡುತ್ತದೆ. ಇದು ನಾವು ಬೇಕೆಂದು ಮಾಡುವ ಕಲ್ಪನೆಯಲ್ಲ, ತಾನಾಗಿ ಆಗುವ ಕೆಲಸ. ಆದರೆ ಒಂದು ವಿಷಯ ಖಚಿತವಾಯಿತು. ನಾವು 'ಕಾಣುವುದು' ಎಂದರೆ ಕಣ್ಣಿನ ಕೆಲಸ ಮಾತ್ರವಲ್ಲ.

ತ್ರಿಕೋನಕ್ಕೂ ಸಿಟ್ಟು ಬರುತ್ತದೆಯೇ?

1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಕಿರುಚಿತ್ರ ತಯಾರಿಸಿದರು. ಅದರಲ್ಲಿ ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಪುಟ್ಟ ವೃತ್ತ ಇದ್ದವು. ಬಾಗಿಲಿರುವ ಒಂದು ಆಯತದ ಸುತ್ತ ಅವು ಓಡಾಡುತ್ತಿದ್ದವು, ಅಷ್ಟೇ. ಮೊದಲ ಗುಂಪಿನ 34 ಜನರಿಗೆ ಅದನ್ನು ತೋರಿಸಿ, ಏನು ನೋಡಿದಿರೋ ಬರೆಯಿರಿ ಎಂದರು. 'ತ್ರಿಕೋನ ಬಲಕ್ಕೆ ಚಲಿಸಿತು' ಎಂದು ಬರೆದವರು ಒಬ್ಬರೇ! ಉಳಿದವರು ಅವುಗಳನ್ನು ಜೀವಿಗಳೆಂದೇ, ಹೆಚ್ಚಿನವರು ಮನುಷ್ಯರೆಂದೇ, ವಿವರಿಸಿದರು. ದೊಡ್ಡ ತ್ರಿಕೋನ ಪುಂಡ, ಚಿಕ್ಕದು ಧೈರ್ಯಶಾಲಿ, ವೃತ್ತ ಹೆದರಿದೆ ಎನ್ನುವಂತೆ ಕಥೆ ಕಟ್ಟಿದರು.

ಚಲಿಸುವ ಆಕೃತಿಗೆ ಗುರಿ ಇದೆ ಎನಿಸಿದರೆ ಸಾಕು, ನಮ್ಮ ಮನಸ್ಸು ಅದಕ್ಕೆ ಜೀವ ಕೊಡುತ್ತದೆ. ಹಳೆಯ ವಿಡಿಯೋ ಆಟಗಳ ಗುಟ್ಟು ಇದೇ. ಚಿತ್ರ ಬಡವಾಗಿದ್ದರೂ ಚಲನೆ ಸರಿಯಾಗಿತ್ತು. ಬೆನ್ನಟ್ಟುವುದು, ತಪ್ಪಿಸಿಕೊಳ್ಳುವುದು, ಬೀಳುವುದು, ಜಿಗಿಯುವುದು ಇವೆಲ್ಲ ಸ್ಪಷ್ಟವಾಗಿದ್ದವು. ಉಳಿದದ್ದನ್ನು ಆಡುವವರು ತುಂಬಿಕೊಂಡರು.

ಹುಣಸೆಬೀಜವೂ ಹುಲಿಯಾಗುತ್ತದೆ

ಇದು ನಮ್ಮ ನಾಡಿಗೆ ಹೊಸದೇ? ಅಲ್ಲ. ಆಡು-ಹುಲಿ ಆಟವನ್ನು ನೆನಪಿಸಿಕೊಳ್ಳಿ. ಗೆರೆಗಳು ಕೂಡುವ 23 ಮನೆಗಳು, 3 ಹುಲಿಗಳು, 15 ಆಡುಗಳು. ಹುಲಿ ಎಂದರೆ ಮೂರು ಕಲ್ಲು, ಆಡು ಎಂದರೆ ಹದಿನೈದು ಹುಣಸೆಬೀಜ. ಕರ್ನಾಟಕದ ಹಲವು ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಇಂತಹ ಆಟದ ಮನೆಗಳನ್ನು ಕೆತ್ತಿರುವುದನ್ನು ಇಂದಿಗೂ ನೋಡಬಹುದು. ಕಲ್ಲಿನ ಹುಲಿ ಗರ್ಜಿಸುವುದಿಲ್ಲ. ಆದರೆ ಅದು ನಿಮ್ಮ ಆಡಿನ ಪಕ್ಕದ ಮನೆಗೆ ಬಂದಾಗ ನಿಮಗೆ ಆತಂಕವಾಗುತ್ತದೆ.

ನಮ್ಮ ಭಾಗದ ಶಾಲೆಗಳಲ್ಲಿ ಕಟ್ಟಡದ ಕೆಲಸಕ್ಕಾಗಿ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಕಲಿಯುತ್ತಾರೆ. ಒಂದೇ ಆಟಕ್ಕೆ ಅವರ ಊರಿನಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು ಹೆಸರು ಇರಬಹುದು. ಕೇಳಿ ತಿಳಿದುಕೊಳ್ಳಿ. ಇಟ್ಟಿಗೆ ಚೂರಿನಿಂದ ಕಾಂಕ್ರೀಟು ರಸ್ತೆಯ ಮೇಲೆ ಬರೆದ ಕುಂಟೆಬಿಲ್ಲೆಯ ಚೌಕಗಳೂ ಒಂದು ರೀತಿಯ ಪರದೆಯೇ. ಗೆರೆ ತುಳಿದರೆ ಔಟು! ಗೆರೆಯಲ್ಲಿ ಅಂತಹದೇನಿದೆ? ಏನೂ ಇಲ್ಲ. ಎಲ್ಲರೂ ಸೇರಿ ಹಾಗೆಂದು ಒಪ್ಪಿಕೊಂಡಿದ್ದೇವೆ, ಅಷ್ಟೇ.

ಕಲ್ಪನೆ ಮತ್ತು ನಿಜ: ಎರಡು ಒಗಟುಗಳು

1990ರ ದಶಕದಲ್ಲಿ ಮತ್ತು 2000ದ ನಂತರದ ಕೆಲವು ವರ್ಷಗಳಲ್ಲಿ ನಮ್ಮ ಪೇಟೆಗಳಲ್ಲಿ 'ಟಿ.ವಿ. ಗೇಮ್' ಎಂಬ ಪೆಟ್ಟಿಗೆ ಸಿಗುತ್ತಿತ್ತು. ಅದಕ್ಕೆ ಕ್ಯಾಸೆಟ್ ಎಂದು ಮಕ್ಕಳು ಕರೆಯುತ್ತಿದ್ದ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿ, ಟಿ.ವಿ.ಗೆ ವಯರು ಜೋಡಿಸಿ, ಮಾರಿಯೋ, ಕಾಂಟ್ರಾ, ಟ್ಯಾಂಕ್, ಬಾತುಕೋಳಿ ಬೇಟೆ ಮುಂತಾದ ಆಟಗಳನ್ನು ಆಡುತ್ತಿದ್ದರು. ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದುದು ಕೆಲವೇ ಆಟಗಳು. ಅವೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು!

ಆ ಆಟಗಳನ್ನು ಆಡಿದ ಮಕ್ಕಳು ಪರದೆಯ ಮೇಲೆ ಇಲ್ಲದ್ದನ್ನೂ ಕಟ್ಟಿಕೊಂಡರು. ಹೀಗೆ ಕಟ್ಟಿಕೊಂಡ ಕಲ್ಪನೆ ಕೆಲವೊಮ್ಮೆ ಸುಳ್ಳಾಗಿರುತ್ತದೆ. ಸುಳ್ಳೋ ನಿಜವೋ ತಿಳಿಯುವುದು ಹೇಗೆ? ಎರಡು ಒಗಟುಗಳನ್ನು ಬಿಡಿಸೋಣ.

ಒಗಟು 1: ಬಂದೂಕಿನಿಂದ ಏನು ಹೊರಟಿತು?

'ಡಕ್ ಹಂಟ್' ಎಂಬ ಬಾತುಕೋಳಿ ಬೇಟೆಯ ಆಟ 1984ರದು. ಅದಕ್ಕೆ ಪ್ಲಾಸ್ಟಿಕ್ ಬಂದೂಕು ಇತ್ತು. ಟಿ.ವಿ.ಯ ಕಡೆ ಗುರಿಯಿಟ್ಟು ಕುದುರೆ ಒತ್ತಿದರೆ ಪರದೆಯ ಬಾತುಕೋಳಿ ಬೀಳುತ್ತಿತ್ತು. ಬಂದೂಕಿನಿಂದ ಕಣ್ಣಿಗೆ ಕಾಣದ ಕಿರಣ ಹೊರಟು ಟಿ.ವಿ.ಗೆ ತಾಗುತ್ತದೆ ಎಂದು ಊಹಿಸುವುದು ಸಹಜ. ನಿಜ ಇದಕ್ಕೆ ತದ್ವಿರುದ್ಧ! ಬಂದೂಕಿನಿಂದ ಏನೂ ಹೊರಡುತ್ತಿರಲಿಲ್ಲ. ಅದರ ನಳಿಕೆಯೊಳಗೆ ಬೆಳಕನ್ನು ಗ್ರಹಿಸುವ ಒಂದು ಸಾಧನ ಇತ್ತು. ಕುದುರೆ ಒತ್ತಿದ ಕೂಡಲೇ ಇಡೀ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತಿತ್ತು. ಆ ಬಿಳಿ ಬೆಳಕು ನಳಿಕೆಯೊಳಗೆ ಬಂದರೆ ಗುರಿ ಸರಿ. ಬರದಿದ್ದರೆ ಗುರಿ ತಪ್ಪು. ಅಂದರೆ ಬೆಳಕು ಟಿ.ವಿ.ಯಿಂದ ಬಂದೂಕಿಗೆ ಬರುತ್ತಿತ್ತು.

ನಮ್ಮ ಕಣ್ಣೂ ಹೀಗೆಯೇ ಅಲ್ಲವೇ? ಕಣ್ಣಿನಿಂದ ಕಿರಣ ಹೊರಟು ವಸ್ತುವಿಗೆ ತಾಗುವುದರಿಂದ ನಮಗೆ ಕಾಣುತ್ತದೆ ಎಂದು ಪ್ರಾಚೀನ ಕಾಲದಲ್ಲಿ ಕೆಲವು ಪಂಡಿತರು ನಂಬಿದ್ದರು. ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುವುದರಿಂದ ನಮಗೆ ಕಾಣುತ್ತದೆ ಎಂಬುದು ಈಗ ನಮಗೆ ಗೊತ್ತು. ಆ ಬಂದೂಕು ಒಂದು ಪುಟ್ಟ ಕಣ್ಣು! ಅದು ಹಳೆಯ ದಪ್ಪ ಟಿ.ವಿ.ಗಳಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಈಗಿನ ತೆಳು ಟಿ.ವಿ.ಗಳು ಚಿತ್ರವನ್ನು ತೋರಿಸಲು ಸ್ವಲ್ಪ ತಡಮಾಡುವುದರಿಂದ ಬೆಳಕು ಸರಿಯಾದ ಕ್ಷಣಕ್ಕೆ ನಳಿಕೆಯನ್ನು ಸೇರುವುದಿಲ್ಲ.

ಒಗಟು 2: ಶತ್ರುಗಳಿಗೆ ಸಿಟ್ಟು ಬಂದಿತೇ?

1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟ ತಯಾರಿಸಿದರು. ಅನ್ಯಗ್ರಹದ ಜೀವಿಗಳು ಸಾಲಿಗೆ 11ರಂತೆ 5 ಸಾಲುಗಳಲ್ಲಿ ಕೆಳಗಿಳಿದು ಬರುತ್ತವೆ. ಒಟ್ಟು 55. ಮೊದಲು ನಿಧಾನವಾಗಿ ಬರುತ್ತವೆ. ಒಂದೊಂದನ್ನೇ ಹೊಡೆದುರುಳಿಸಿದಂತೆ ಉಳಿದವು ಬೇಗ ಬೇಗ ಚಲಿಸುತ್ತವೆ. ಕೊನೆಯದಂತೂ ಓಟವೇ ಓಟ! ಜೊತೆಗಾರರು ಸತ್ತದ್ದಕ್ಕೆ ಅದಕ್ಕೆ ಸಿಟ್ಟು ಬಂದಿದೆ, ಅಥವಾ ಹೆದರಿದೆ ಎಂದು ಆಡುವವರಿಗೆ ಅನಿಸುತ್ತಿತ್ತು.

ನಿಜವಾದ ಕಾರಣ ಲೆಕ್ಕದಲ್ಲಿದೆ. ಆ ಯಂತ್ರದ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗಿ ಮೂಡುತ್ತಿತ್ತು. ಪ್ರತಿ ಬಾರಿಯೂ ಯಂತ್ರ ಒಂದು ಜೀವಿಯನ್ನು ಮಾತ್ರ ಒಂದು ಹೆಜ್ಜೆ ಸರಿಸುತ್ತಿತ್ತು. 55 ಜೀವಿಗಳಿದ್ದಾಗ ಎಲ್ಲವೂ ಒಂದೊಂದು ಹೆಜ್ಜೆ ಇಡಲು 55/60 ಸೆಕೆಂಡು, ಅಂದರೆ ಸುಮಾರು 0.9 ಸೆಕೆಂಡು ಬೇಕು. 10 ಜೀವಿಗಳು ಉಳಿದರೆ 10/60, ಅಂದರೆ ಸುಮಾರು 0.17 ಸೆಕೆಂಡು. ಒಂದೇ ಉಳಿದರೆ 1/60 ಸೆಕೆಂಡು! ಯಂತ್ರಕ್ಕೆ ಹೊರೆ ಕಡಿಮೆಯಾದ್ದರಿಂದ ವೇಗ ಹೆಚ್ಚಿತು. ಸಿಟ್ಟೂ ಇಲ್ಲ, ಹೆದರಿಕೆಯೂ ಇಲ್ಲ. ಆದರೆ ಇದರಿಂದ ಆಟಕ್ಕೆ ರೋಚಕತೆ ಬರುವುದನ್ನು ಕಂಡ ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿದರು.

ಈ ಎರಡು ಒಗಟುಗಳಿಂದ ಏನು ಕಲಿತೆವು? ಕಲ್ಪನೆ ನಮಗೆ ಒಂದು ಉತ್ತರ ಕೊಡುತ್ತದೆ. ಆ ಉತ್ತರ ಚೆನ್ನಾಗಿದೆ ಎಂದ ಮಾತ್ರಕ್ಕೆ ಸರಿ ಎಂದಲ್ಲ. ಪರೀಕ್ಷಿಸಿ ನೋಡಬೇಕು. 'ಶತ್ರುವಿಗೆ ಸಿಟ್ಟು ಬಂದಿದ್ದರೆ ಸತ್ತವರ ಸಂಖ್ಯೆಗೂ ವೇಗಕ್ಕೂ ಇಷ್ಟು ಸರಿಯಾದ ಲೆಕ್ಕ ಏಕಿದೆ?' ಎಂದು ಕೇಳಿದರೆ ಸತ್ಯದ ಬಾಗಿಲು ತೆರೆಯುತ್ತದೆ.

ವಿಜ್ಞಾನಿಗೂ ಕಲ್ಪನೆ ಬೇಕು

'ಸುಮ್ಮನೆ ಏನೇನೋ ಕಲ್ಪಿಸಿಕೊಳ್ಳಬೇಡ, ಪಾಠ ಓದು' ಎಂದು ದೊಡ್ಡವರು ಹೇಳುವುದುಂಟು. ಆದರೆ ನಿಮ್ಮ ವಿಜ್ಞಾನ ಪುಸ್ತಕವನ್ನೇ ತೆರೆದು ನೋಡಿ. ಪರಮಾಣುವನ್ನು ಬರಿಗಣ್ಣಿನಿಂದ ಕಂಡವರಿಲ್ಲ. ಭೂಮಿ ತಿರುಗುವುದು ನಮ್ಮ ಕಾಲಿಗೆ ತಿಳಿಯುವುದಿಲ್ಲ. ಭೂಪಟದ ಒಂದು ಚುಕ್ಕೆ ಇಡೀ ಬೆಂಗಳೂರು. ಇವನ್ನೆಲ್ಲ ಅರ್ಥ ಮಾಡಿಕೊಳ್ಳಲು ನೀವು ಬಳಸುವುದು ಹಾವಿನ ಆಟದಲ್ಲಿ ಬಳಸಿದ ಶಕ್ತಿಯನ್ನೇ!

ಮೈಕೆಲ್ ಫ್ಯಾರಡೆ (1791–1867) ಎಂಬ ವಿಜ್ಞಾನಿಯ ಹೆಸರು ಕೇಳಿರಬಹುದು. ಬಡ ಕಮ್ಮಾರನ ಮಗ. ಹೆಚ್ಚು ಶಾಲೆ ಕಲಿಯಲಿಲ್ಲ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಅಲ್ಲಿಗೆ ಬಂದ ಪುಸ್ತಕಗಳನ್ನು ಓದಿದ. ಆಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿದಾಗ ಮೂಡುವ ವಿನ್ಯಾಸವನ್ನು ನೀವೂ ನೋಡಿದ್ದೀರಿ. ಫ್ಯಾರಡೆ ಆ ಪುಡಿಯನ್ನು ನೋಡಿ, ಪುಡಿ ಇಲ್ಲದಾಗಲೂ ಆಯಸ್ಕಾಂತದ ಸುತ್ತ ಬಲರೇಖೆಗಳು ಹರಡಿವೆ ಎಂದು ಕಲ್ಪಿಸಿಕೊಂಡ. ಅಲ್ಲಿಗೆ ನಿಲ್ಲಲಿಲ್ಲ. ಪ್ರಯೋಗದ ಮೇಲೆ ಪ್ರಯೋಗ ಮಾಡಿದ. 1831ರಲ್ಲಿ ಆಯಸ್ಕಾಂತ ಮತ್ತು ತಂತಿಸುರುಳಿಯಿಂದ ವಿದ್ಯುತ್ ಉಂಟಾಗುವುದನ್ನು ಕಂಡುಹಿಡಿದ. ಜಲವಿದ್ಯುತ್ ಕೇಂದ್ರಗಳ ಜನರೇಟರ್‌ಗಳು ಇಂದಿಗೂ ಕೆಲಸ ಮಾಡುವುದು ಅದೇ ತತ್ವದ ಮೇಲೆ. ಕಲ್ಪನೆ ಮತ್ತು ಪರೀಕ್ಷೆ ಎರಡೂ ಸೇರಿದರೆ ಎಷ್ಟು ದೂರ ಹೋಗಬಹುದು ನೋಡಿ.

ಈಗಿನ ಆಟಗಳಲ್ಲಿ ಕಲ್ಪನೆ ಇಲ್ಲವೇ?

ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. 2011ರಲ್ಲಿ ಪೂರ್ಣ ರೂಪದಲ್ಲಿ ಬಂದ 'ಮೈನ್‌ಕ್ರಾಫ್ಟ್' ಆಟದಲ್ಲಿ ಮರ, ಹಸು, ಬೆಟ್ಟ, ಸೂರ್ಯ ಎಲ್ಲವೂ ಚೌಕ ಚೌಕ. ಹೆಚ್ಚು ವಿವರ ತೋರಿಸಬಲ್ಲ ಯಂತ್ರಗಳಿದ್ದರೂ ಬೇಕೆಂದೇ ಹಾಗೆ ಮಾಡಿದರು. 2023ರ ಹೊತ್ತಿಗೆ ಅದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ನಮ್ಮ ಬೆಂಗಳೂರಿನಲ್ಲಿಯೇ 1997ರಲ್ಲಿ ರಾಜೇಶ್ ರಾವ್ ಅವರು 'ಧ್ರುವ ಇಂಟರಾಕ್ಟಿವ್' ಎಂಬ ವಿಡಿಯೋ ಆಟಗಳ ಸಂಸ್ಥೆ ಆರಂಭಿಸಿದರು. ವಿದೇಶಗಳ ದೊಡ್ಡ ಆಟಗಳಿಗೆ ಚಿತ್ರ, ಪಾತ್ರ, ವಾಹನಗಳನ್ನು ಇಲ್ಲಿನ ಕಲಾವಿದರು ರೂಪಿಸಿದರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಎಂಬ ಸಂಸ್ಥೆ ಕೊಂಡಿತು. ಹೊಸ ಆಟಗಳಲ್ಲಿಯೂ ಕಲ್ಪನೆ ಬೇಕಾದಷ್ಟಿದೆ.

ಆದರೆ ಒಂದು ಪ್ರಶ್ನೆಯನ್ನು ನೀವು ಕೇಳಿಕೊಳ್ಳಲೇಬೇಕು: ಆ ಕಲ್ಪನೆ ಯಾರದು? ಹುಲ್ಲಿನ ಒಂದೊಂದು ಎಸಳನ್ನೂ, ನೀರಿನ ಒಂದೊಂದು ಅಲೆಯನ್ನೂ ಬೇರೆಯವರೇ ಬಿಡಿಸಿಕೊಟ್ಟಾಗ ನೋಡಲು ಬಹಳ ಚೆಂದ. ಆದರೆ ನಿಮ್ಮ ಪಾಲಿಗೆ ಉಳಿಯುವ ಕೆಲಸ ಏನು? ಬೆರಳು ಒತ್ತುವುದಷ್ಟೇ ಉಳಿದರೆ ಆ ಆಟದಲ್ಲಿ ನಿಮ್ಮ ಪಾಲು ಚಿಕ್ಕದು. ಏನಾದರೂ ಕಟ್ಟಲು, ಕಥೆ ಹೆಣೆಯಲು, ಹೊಸ ದಾರಿ ಹುಡುಕಲು ಜಾಗವಿದ್ದರೆ ನಿಮ್ಮ ಪಾಲು ದೊಡ್ಡದು. ಯಾವ ಆಟವನ್ನೇ ಆಡಿ, ಈ ಲೆಕ್ಕ ಹಾಕಿ ನೋಡಿ.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಅಪ್ಪನ ಅಥವಾ ಅಮ್ಮನ ಕೆಲಸಕ್ಕೆ ಬೇಕು. ಕೆಲವು ಮನೆಗಳಲ್ಲಿ ಅದೂ ಬಟನ್ ಫೋನು. ಗೆಳೆಯರ ಬಳಿ ಇರುವ ದುಬಾರಿ ಫೋನು, ಅದರ ಆಟ ನೋಡಿ 'ನಮ್ಮ ಮನೆಯಲ್ಲಿ ಇದಿಲ್ಲವಲ್ಲ' ಎಂದು ಮನಸ್ಸು ಸಣ್ಣದಾಗುವುದು ಸಹಜ. ಆಗ ಇಷ್ಟು ನೆನಪಿಡಿ: 4,032 ಚುಕ್ಕೆಗಳನ್ನು ಹಾವನ್ನಾಗಿ ಮಾಡಿದ್ದು ಫೋನಲ್ಲ, ಆಡಿದವರ ಮಿದುಳು. ಆ ಯಂತ್ರ ನಿಮ್ಮ ಬಳಿಯೂ ಇದೆ. ಅದನ್ನು ಯಾರೂ ಕೊಂಡು ಕೊಡಬೇಕಿಲ್ಲ. ಆದರೆ ಬಳಸದೆ ಬಿಟ್ಟರೆ ಅದರ ಅಭ್ಯಾಸ ತಪ್ಪುತ್ತದೆ.

ಚಟುವಟಿಕೆ – 2: 256 ಚೌಕಗಳಲ್ಲಿ ಒಂದು ಲೋಕ

ಬೇಕಾಗುವ ಸಾಮಗ್ರಿ: ಚೌಕುಳಿ ಗಣಿತ ಪುಸ್ತಕದ ಹಾಳೆ, ಮೂರು ಬಣ್ಣದ ಪೆನ್ಸಿಲ್.

ವಿಧಾನ:
1. ಅಡ್ಡ 16, ಉದ್ದ 16 ಚೌಕಗಳ ಒಂದು ಚೌಕಟ್ಟು ಹಾಕಿ. ಒಟ್ಟು 256 ಚೌಕಗಳಾದವು.
2. ಇದರಲ್ಲಿ ಒಂದು ವಸ್ತುವನ್ನು ಬಿಡಿಸಿ. ಆಟೋ, ನಾಯಿ, ತೆಂಗಿನಮರ, ನಿಮ್ಮ ಅಜ್ಜಿ – ಯಾವುದಾದರೂ ಸರಿ. ನಿಯಮ ಎರಡೇ: ಒಂದು ಚೌಕಕ್ಕೆ ಒಂದೇ ಬಣ್ಣ, ಪೂರ್ತಿ ತುಂಬಬೇಕು. ಮೂರಕ್ಕಿಂತ ಹೆಚ್ಚು ಬಣ್ಣ ಬಳಸಬಾರದು. ಹಳೆಯ ಟಿ.ವಿ. ಆಟದ ತಯಾರಕರಿಗೂ ಒಂದು ಪುಟ್ಟ ಚಿತ್ರಕ್ಕೆ ಮೂರೇ ಬಣ್ಣ ಸಿಗುತ್ತಿದ್ದವು.
3. ಹಾಳೆಯನ್ನು ಗೋಡೆಗೆ ಅಂಟಿಸಿ. ಹತ್ತಿರದಿಂದ ನೋಡಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಯಾವಾಗ ಚಿತ್ರ ಹೆಚ್ಚು ಚೆನ್ನಾಗಿ ಕಾಣುತ್ತದೆ? ಏಕೆ?
4. ಈಗ ತರಗತಿಯಲ್ಲಿ ಎರಡು ಗುಂಪು ಮಾಡಿ. ಒಂದೇ ಚಿತ್ರವನ್ನು ಎರಡೂ ಗುಂಪುಗಳಿಗೆ ಬೇರೆ ಬೇರೆಯಾಗಿ ತೋರಿಸಿ. ಮೊದಲ ಗುಂಪಿಗೆ 'ಇದು ಏನು?' ಎಂದಷ್ಟೇ ಕೇಳಿ. ಎರಡನೆಯ ಗುಂಪಿಗೆ 'ಇದು ಮಳೆಯಲ್ಲಿ ಮನೆ ದಾರಿ ತಪ್ಪಿದ ನಾಯಿ' ಎಂಬಂತೆ ಒಂದು ವಾಕ್ಯ ಹೇಳಿ ತೋರಿಸಿ. ಇಬ್ಬರೂ ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಲಿ.
5. ಚಿತ್ರದಲ್ಲಿ ಇಲ್ಲದ ಎಷ್ಟು ವಿಷಯಗಳನ್ನು ಪ್ರತಿ ಗುಂಪು ಬರೆದಿದೆ ಎಂದು ಎಣಿಸಿ, ಪಟ್ಟಿ ಮಾಡಿ. ಯಾವ ಗುಂಪು ಹೆಚ್ಚು ಬರೆಯಿತು? ಮೊದಲೇ ಉತ್ತರ ಊಹಿಸಿ ಬರೆದಿಟ್ಟುಕೊಂಡು, ಆಮೇಲೆ ಫಲಿತಾಂಶದೊಂದಿಗೆ ಹೋಲಿಸಿ. ಊಹೆ ತಪ್ಪಾದರೂ ಅಳಿಸಬೇಡಿ. ಅದೂ ಪ್ರಯೋಗದ ಭಾಗವೇ.

ಪದಪರಿಚಯ

ಪಿಕ್ಸೆಲ್ – ಪರದೆಯ ಚಿತ್ರದ ಅತಿ ಚಿಕ್ಕ ಚುಕ್ಕೆ.
ಕಿಲೋಬೈಟ್, ಮೆಗಾಬೈಟ್ – ಗಣಕಯಂತ್ರದಲ್ಲಿ ಮಾಹಿತಿ ಹಿಡಿಯುವ ಜಾಗದ ಅಳತೆಗಳು. 1 ಮೆಗಾಬೈಟ್ = 1,024 ಕಿಲೋಬೈಟ್.
ಅಂಧಬಿಂದು – ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸದ ಜಾಗ.
ಬಲರೇಖೆ – ಆಯಸ್ಕಾಂತದ ಬಲದ ದಿಕ್ಕನ್ನು ತೋರಿಸುವ ಕಾಲ್ಪನಿಕ ರೇಖೆ.

ಉತ್ತರಿಸಿ

1. ಹಳೆಯ ಟಿ.ವಿ. ಆಟದ ಪರದೆಯಲ್ಲಿ 256 × 240 ಚುಕ್ಕೆಗಳಿದ್ದವು. ಒಟ್ಟು ಎಷ್ಟು? ಇದು ನೋಕಿಯಾ 6110 ಫೋನಿನ ಪರದೆಯ ಸುಮಾರು ಎಷ್ಟು ಪಟ್ಟು?
2. ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ 30 ಜೀವಿಗಳು ಉಳಿದಾಗ ಎಲ್ಲವೂ ಒಂದು ಹೆಜ್ಜೆ ಇಡಲು ಎಷ್ಟು ಸಮಯ ಬೇಕು?
3. ಮಾರಿಯೋಗೆ ಮೀಸೆ ಬಂದದ್ದು ಏಕೆ?
4. ಬಾತುಕೋಳಿ ಬೇಟೆಯ ಬಂದೂಕಿಗೂ ನಮ್ಮ ಕಣ್ಣಿಗೂ ಇರುವ ಒಂದು ಹೋಲಿಕೆ ಬರೆಯಿರಿ.
5. ನಿಮ್ಮ ಮನೆಯ ಹಿರಿಯರೊಬ್ಬರನ್ನು ಕೇಳಿ: ಅವರು ಚಿಕ್ಕವರಿದ್ದಾಗ ಆಡಿದ ಆಟದಲ್ಲಿ ಯಾವ ವಸ್ತು ಬೇರೆ ಯಾವುದೋ ಆಗುತ್ತಿತ್ತು? ಕಲ್ಲು ಹುಲಿಯಾದಂತೆ, ಕೋಲು ಕುದುರೆಯಾದಂತೆ, ಬೆಂಕಿಪೊಟ್ಟಣ ಬಸ್ಸಾದಂತೆ. ಕನಿಷ್ಠ ಐದು ಉದಾಹರಣೆಗಳನ್ನು ಸಂಗ್ರಹಿಸಿ ತರಗತಿಯ ಗೋಡೆಪತ್ರಿಕೆಯಲ್ಲಿ ಹಾಕಿ.